ಡೋಬ್ರಿಯ ವ್ಯಾನಿನ ತಾಮ್ರದ ಪೈಪು

ಡೋಬ್ರಿಯ ವ್ಯಾನಿನ ಹೊಟ್ಟೆಯಿಂದ ಆ ತಾಮ್ರದ ಪೈಪು ಬಿಚ್ಚಿದವನು ನಾನು. ಅದನ್ನು ಅವನು ಹೆಗಲ ಮೇಲೆ ಹೊತ್ತುಕೊಂಡು ಹೋಗುವಾಗ ಎಚ್ಚರಿಕೆ ಹೇಳದೆ ನಿಂತಿದ್ದವನೂ ನಾನು. ಅವತ್ತು ಒಂದೇ ಒಂದು ಮಾತು ಆಡಿದ್ದರೆ ಯಾರ ಪ್ರಾಣಕ್ಕೂ ಸಂಚಕಾರ ಬರುತ್ತಿರಲಿಲ್ಲ. ಡೋಬ್ರಿಯನ್ನು ಬೈಯುವುದು ಸುಲಭ. ಊರೆಲ್ಲ ಬೈಯುತ್ತದೆ, ನಾನೂ ಈಗ ಹೊಟ್ಟೆ ತುಂಬ ಬೈಯುವವನೇ. ಆದರೆ ಮೊದಲು ಇದನ್ನು ಹೇಳಿಬಿಡಬೇಕು.

ಮಂಗಳವಾರ ಬೆಳಿಗ್ಗೆ ಅವನು ವ್ಯಾನನ್ನು ನನ್ನ ಗ್ಯಾರೇಜಿಗೆ ತಂದ. ತಂದ ಎನ್ನುವುದೂ ತಪ್ಪು, ಇಳಿಜಾರಿನಲ್ಲಿ ಅದೇ ಉರುಳಿಕೊಂಡು ಬಂತು. ಇಪ್ಪತ್ತು ವರ್ಷ ಹಳೆಯ ಜರ್ಮನ್ ವ್ಯಾನು. ಎಂಜಿನ್ನು ಹಿಂದೆ, ರೇಡಿಯೇಟರು ಮುಂದೆ. ಎರಡರ ನಡುವೆ, ನೆಲದ ಅಡಿಯಲ್ಲಿ ಎರಡು ಉದ್ದನೆಯ ಪೈಪು. ಒಂದು ಬಿಸಿ ಕೂಲೆಂಟನ್ನು ಮುಂದಕ್ಕೆ ಒಯ್ಯಬೇಕು, ಇನ್ನೊಂದು ತಣ್ಣಗಾದದ್ದನ್ನು ಹಿಂದಕ್ಕೆ ತರಬೇಕು. ಡೋಬ್ರಿಯ ವ್ಯಾನಿನಲ್ಲಿ ಎರಡೂ ಸೇರಿ ರಸ್ತೆಗೆ ನೀರು ಹಾಕುತ್ತಿದ್ದವು.

"ನಾಯ್ಡೆನ್, ಭಾನುವಾರ ರುಸಾನಳ ಮದುವೆ. ಗಾಡಿ ಬೇಕೇ ಬೇಕು ಮಾರಾಯ. ಬೆಟ್ಟ ಹತ್ತಿ ಚರ್ಚಿಗೆ ಹೋಗ್ಬೇಕು, ಮೇಜು, ಬೆಂಚು ಎಲ್ಲ ತರ್ಬೇಕು," ಎಂದ.

"ಹೋದ ವರ್ಷವೇ ಹೇಳಿದ್ನಲ್ಲ, ಪೈಪು ಬದಲಾಯಿಸು ಅಂತ?"

"ಹೇಳಿದ್ದೆ. ಆಗ ಮದುವೆ ಇರ್ಲಿಲ್ವಲ್ಲ."

ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಾತಿ ಅವನದು. ಆದರೆ ಅವನ ಮಗಳು ರುಸಾನ ಅಂಥವಳಲ್ಲ. ಚಿಕ್ಕಂದಿನಿಂದ ನನ್ನ ಗ್ಯಾರೇಜಿನಲ್ಲಿ ಆಡಿ ಬೆಳೆದ ಹುಡುಗಿ, ತನ್ನ ಮದುವೆಗೆ ನಾನೇ ಕುಮ್ ಆಗಬೇಕೆಂದು ಹಟ ಹಿಡಿದಿದ್ದಳು. ನಮ್ಮಲ್ಲಿ ಮದುವೆಗೆ ಕುಮ್ ಅಂದರೆ ಅಪ್ಪನಿಗಿಂತ ಒಂದು ಕೈ ಮೇಲು. ಚರ್ಚಿನಲ್ಲಿ ವಧೂವರರ ತಲೆಯ ಮೇಲೆ ಕಿರೀಟ ಹಿಡಿಯುವವನು ಅವನು, ಊಟದ ಮೇಜಿನಲ್ಲಿ ಮೊದಲ ಲೋಟ ಎತ್ತುವವನೂ ಅವನು. ಅವನು ಕುಡಿಯುವವರೆಗೆ ನೆಂಟರಲ್ಲಿ ಒಬ್ಬರೂ ಲೋಟ ಮುಟ್ಟುವ ಹಾಗಿಲ್ಲ. ಅವಳ ಮುಖ ನೋಡಿ ನಾನು ವ್ಯಾನಿನ ಅಡಿಗೆ ನುಗ್ಗಿದೆ.

ಥೂ! ಆ ಹೊಲಸನ್ನು ಹೇಗೆ ಹೇಳಲಿ. ಒಂದು ಪೈಪು ತುಕ್ಕು ಹಿಡಿದು ಹಪ್ಪಳವಾಗಿತ್ತು, ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಒಡೆದಲ್ಲೆಲ್ಲ ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿದಿದ್ದ. ಮುಂದಿನ ಚಕ್ರದ ಹತ್ತಿರ ಟೊಮೇಟೊ ಗಿಡಕ್ಕೆ ನೀರು ಬಿಡುವ ಹಸಿರು ರಬ್ಬರು ಕೊಳವೆ. ಅದನ್ನು ಕಚ್ಚಿಸಿದ್ದು ಒಂದು ಮೀನಿನ ಡಬ್ಬಿಯ ತಗಡಿನಿಂದ. ಮೀನಿನ ಚಿತ್ರ ಇನ್ನೂ ಅಳಿಸಿರಲಿಲ್ಲ. ಕ್ಲಿಪ್ಪು ಸಡಿಲಿಸಿದೆನೋ ಇಲ್ಲವೋ, ಬೆಳ್ಳನೆಯ ಮುದ್ದೆಯೊಂದು ಪಚಕ್ಕನೆ ನನ್ನ ಗಲ್ಲದ ಮೇಲೆ ಬಿತ್ತು. ಅದರ ಹಿಂದೆಯೇ ಕಂದು ಲೋಳೆ, ನೇರ ಬಾಯಿಗೆ. ಕೊಳೆತ ವಾಸನೆ, ಅದರ ಮೇಲೆ ಸಿಹಿ. ಕೂಲೆಂಟಿನ ಗುಣವೇ ಅದು, ಸಿಹಿ ವಿಷ. ನನ್ನ ಅಂಗಳದಲ್ಲೇ ಒಂದು ನಾಯಿ ಅದನ್ನು ನೆಕ್ಕಿ ಎರಡು ದಿನ ನರಳಿ ಸತ್ತಿದೆ. ನಾನು ಹೊರಗೆ ಉರುಳಿಕೊಂಡು ಬಂದು ಕ್ಯಾಕರಿಸಿ ಉಗಿದೆ, ನೀರು ಮುಕ್ಕಳಿಸಿದೆ, ಮತ್ತೆ ಉಗಿದೆ.

"ಏನೋ ಇದು ಬೆಳ್ಳಗೆ?"

"ಮೊಟ್ಟೆ," ಎಂದ ಡೋಬ್ರಿ, ಅಡುಗೆ ಹೇಳಿಕೊಡುವವನ ಹಾಗೆ. "ರೇಡಿಯೇಟರಿಗೆ ಹಸಿ ಮೊಟ್ಟೆ ಒಡೆದು ಹಾಕಿದ್ರೆ ಒಳಗೇ ಬೆಂದು ತೂತು ಮುಚ್ಚುತ್ತೆ. ಆರು ಹಾಕಿದ್ದೆ. ಮೆಣಸಿನ ಪುಡೀನೂ ಹಾಕಿದ್ದೆ."

"ಉಪ್ಪು ಯಾಕೆ ಬಿಟ್ಟೆ? ಊಟಕ್ಕೇ ಕೂರಬಹುದಿತ್ತಲ್ಲ!"

"ಬಾಯಿ ಚಪಲ ನಿಂದು, ನಂದಲ್ಲ," ಎಂದು ನಕ್ಕ. ಅವನ ಹಲ್ಲಿನ ಸಂದಿಯಲ್ಲಿ ಬೆಳಿಗ್ಗೆ ತಿಂದ ಗಿಣ್ಣು ತುಂಬಿದ ಬನಿತ್ಸ ರೊಟ್ಟಿಯ ಚೂರು ಸಿಕ್ಕಿಕೊಂಡಿತ್ತು.

ಎರಡನೆಯ ಪೈಪು ತಾಮ್ರದ್ದು. ಆ ವ್ಯಾನಿಗೆ ತಾಮ್ರದ ಪೈಪು ಎಲ್ಲಿಂದ ಬಂತು ಎಂದು ಕೇಳಿದೆ. ಹತ್ತು ವರ್ಷದ ಹಿಂದೆ ಕೈಯಲ್ಲಿ ಕಾಸಿಲ್ಲದಾಗ ಅವನೇ ಹಾಕಿದ್ದನಂತೆ. ರಾಕಿಯ ಎಂಬ ನಮ್ಮ ಹಣ್ಣಿನ ಸಾರಾಯಿ ಇಳಿಸುವ ಅಜ್ಜನ ಕಾಲದ ಹಂಡೆಯಿತ್ತು, ಅದರ ಬಾಯಿಂದ ಹೊರಟು ತಣ್ಣೀರಿನ ಪೀಪಾಯಿಯೊಳಗೆ ಹಾದುಹೋಗುವ ಉದ್ದದ ಕೊಳವೆ ಇದು. ಒಳಗೆ ಕಾಲು ಭಾಗ ಲೋಳೆ ಕಟ್ಟಿ, ಮಧ್ಯೆ ಬಗ್ಗಿದ ಕಡೆ ಗಡ್ಡೆಯಾಗಿ, ಕೂಲೆಂಟು ಅಲ್ಲೇ ನಿಂತುಬಿಟ್ಟಿತ್ತು. ಅಲುಗಿಸಿದರೆ ಕುಳುಕುಳು ಎನ್ನುತ್ತಿತ್ತು, ಓರೆ ಮಾಡಿದರೂ ಇಳಿಯುತ್ತಿರಲಿಲ್ಲ. ಆ ಕೂಲೆಂಟು ತುಂಬಿದವನೂ ನಾನೇ, ಹಿಂದಿನ ಚಳಿಗಾಲದಲ್ಲಿ.

ಎರಡು ದಿನ ಬೆನ್ನು ಮುರಿದುಕೊಂಡೆ. ಸ್ಟೀಲಿನ ಎರಡು ಪೈಪು ಅಳತೆಗೆ ಕತ್ತರಿಸಿ, ಬಗ್ಗಿಸಿ, ರಬ್ಬರು ಜಾರದ ಹಾಗೆ ತುದಿಗೆ ಏಣು ಎಬ್ಬಿಸಿ, ಹೊಸ ರಬ್ಬರು ತೊಡಿಸಿ ಹೊಸ ಕ್ಲಿಪ್ಪು ಬಿಗಿದೆ. ರೇಡಿಯೇಟರನ್ನು ಮೂರು ಸಲ ತೊಳೆದೆ. ಮೂರನೆಯ ಸಲವೂ ಮೊಟ್ಟೆಯ ಚೂರು ಬಂತು. ವ್ಯಾನಿನ ಮೂತಿ ಎತ್ತಿ ನಿಲ್ಲಿಸಿ ಗಾಳಿ ತೆಗೆದು ಕೂಲೆಂಟು ತುಂಬಿ, ಒಂದು ಗಂಟೆ ಓಡಿಸಿ, ಅಡಿಯಲ್ಲಿ ಒಣ ಕಾಗದ ಹಾಸಿ ನೋಡಿದೆ. ಒಂದು ತೊಟ್ಟೂ ಇಲ್ಲ. ನನ್ನ ಕೆಲಸಕ್ಕೆ ಹೆಸರಿಡುವವನು ಈ ಕಣಿವೆಯಲ್ಲಿ ಹುಟ್ಟಿಲ್ಲ.

ಬುಧವಾರ ಸಂಜೆ ಡೋಬ್ರಿ ಬಂದ. ಹೊಸ ಪೈಪು ಬಗ್ಗಿ ನೋಡುವ ಸೌಜನ್ಯವೂ ಇಲ್ಲ. ನೇರ ಗುಜರಿ ರಾಶಿಗೆ ಹೋಗಿ ತಾಮ್ರದ ಪೈಪು ಎಳೆದು ಹೆಗಲಿಗೇರಿಸಿದ.

"ಅಜ್ಜಂದು ಕಣೋ. ಬಿಟ್ಟು ಹೋಗಕ್ಕಾಗತ್ತಾ? ಹಂಡೆ ಇನ್ನೂ ಮನೇಲಿದೆ."

ನನಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳು. ಅಕ್ಟೋಬರು ತಿಂಗಳು, ಮನೆಮನೆಯಲ್ಲಿ ಪ್ಲಮ್ ಹಣ್ಣು ಕೊಳೆಹಾಕಿ ಪೀಪಾಯಿ ನೊರೆಯುತ್ತಿತ್ತು. ಊರಿನ ಕಜಾನಿಗೆ, ಅಂದರೆ ಸಾರಾಯಿ ಭಟ್ಟಿಗೆ, ಒಯ್ದರೆ ಬಾಡಿಗೆ ಕೊಡಬೇಕು, ಇವನು ಕೊಡುವವನಲ್ಲ. ತೊಳೆಯದೆ ಉಪಯೋಗಿಸಬೇಡ ಎನ್ನಬೇಕಿತ್ತು. ಅಂದರೆ, "ಹಂಗಾದ್ರೆ ನೀನೇ ತೊಳೆದುಕೊಡು" ಎನ್ನುತ್ತಾನೆ. ಆ ಲೋಳೆಯ ಮುಖ ಇನ್ನೊಮ್ಮೆ ನೋಡುವುದು ನನ್ನಿಂದಾಗುತ್ತಿರಲಿಲ್ಲ. ಅವನ ಮುಖವನ್ನೂ. ತೊಳೆದುಕೊಳ್ಳುತ್ತಾನೆ ಬಿಡು, ಅಷ್ಟೂ ಬುದ್ಧಿ ಇಲ್ಲವೇ ಎಂದುಕೊಂಡೆ.

"ತಗೊಂಡು ತೊಲಗು," ಎಂದೆ.

ಭಾನುವಾರ ಹತ್ತು ಗಂಟೆಗೆ ವಾದ್ಯದವರು ನನ್ನನ್ನು ಕರೆದೊಯ್ಯಲು ಬಂದರು. ಹೊಳೆಯಾಚೆಯ ರೋಮಾ ಕೇರಿಯ ನಾಲ್ವರು, ಊರವರ ಬಾಯಲ್ಲಿ ಜಿಪ್ಸಿಗಳು. ಕ್ಲಾರಿನೆಟ್ ಊದುವ ಸಾಲಿ, ಡೋಲಿನ ಅವನ ತಮ್ಮ ರಮೀಜ್, ಮತ್ತಿಬ್ಬರು ಕಹಳೆಯವರು. ಬೆಳಗಿನ ಜಾವದಿಂದ ಡೋಬ್ರಿಯ ಅಂಗಳದಲ್ಲಿ ಬಾರಿಸಿ ಊರೆಬ್ಬಿಸಿದ್ದರು. ಚರ್ಚು ಮುಗಿಯಿತು. ವ್ಯಾನು ಬೆಟ್ಟ ಹತ್ತಿ ಇಳಿಯಿತು, ಎಂಜಿನ್ನಿನ ಶಾಖ ತೋರಿಸುವ ಮುಳ್ಳು ಅಲುಗಲಿಲ್ಲ. ಡೋಬ್ರಿಯ ಅಂಗಳದಲ್ಲಿ ಇನ್ನೂರು ಜನ ಮೇಜಿಗೆ ಕುಳಿತರು. ಹುರಿದ ಕುರಿ, ಉಪ್ಪಿನಲ್ಲಿಟ್ಟ ಎಲೆಕೋಸು, ರೊಟ್ಟಿ. ಪ್ರತಿ ತಟ್ಟೆಯ ಮುಂದೆ ಲೋಟ ತುಂಬಿತ್ತು. ರುಸಾನ ನನ್ನ ಪಕ್ಕದಲ್ಲಿ ಕಣ್ಣು ಹೊಳೆಯಿಸುತ್ತ ಕುಳಿತಿದ್ದಳು. ನಾನು ಎದ್ದು ನಿಂತೆ. ನಾಲ್ಕು ಒಳ್ಳೆಯ ಮಾತಾಡಿ ಲೋಟ ತುಟಿಗಿಟ್ಟೆ.

ಸಿಹಿ!

ಇಳಿಸಿದ ರಾಕಿಯ ಸಿಹಿಯಾಗಿರುವುದಿಲ್ಲ. ಹಣ್ಣು ಮೂಗಿಗೆ ಬರುತ್ತದೆ, ನಾಲಗೆಗೆ ಬರೀ ಉರಿ. ಆ ಸಿಹಿ ನನ್ನ ನಾಲಗೆಗೆ ಗೊತ್ತಿತ್ತು, ಮಂಗಳವಾರ ವ್ಯಾನಿನ ಅಡಿಯಲ್ಲಿ ಮಲಗಿ ರುಚಿ ನೋಡಿದ್ದೆ. ಅಂಗಳದಲ್ಲಿ ಇನ್ನೂರು ಲೋಟ ಎದ್ದು ನನಗಾಗಿ ಕಾಯುತ್ತಿದ್ದವು. ನಾನು ಬಾಯಲ್ಲಿದ್ದದ್ದನ್ನು ಹಾಗೇ ಲೋಟಕ್ಕೆ ಉಗಿದೆ.

ಡೋಬ್ರಿ ನನ್ನ ಕಿವಿಗೆ ಬಾಗಿದ. "ಏನೋ ಇದು ಅಸಹ್ಯ! ಎಲ್ಲರೂ ನೋಡ್ತಾ ಇದ್ದಾರೆ. ಕುಡಿಯೋ!"

"ಆ ಪೈಪಲ್ಲಿ ಇಳಿಸಿದ್ಯಾ?"

"ಹ್ಞೂಂ, ಗುರುವಾರ. ರಾಕಿಯಕ್ಕೆ ತಾಮ್ರವೇ ಬೇಕಲ್ವಾ?"

"ತೊಳೆದ್ಯಾ?"

"ಒಂದು ಕೊಡ ನೀರು ಹೊಯ್ದೆನಪ್ಪ."

ನಾನು ಲೋಟ ಮಗುಚಿಹಾಕಿದೆ. "ಯಾರೂ ಮುಟ್ಟಬೇಡಿ! ಕೆಳಗಿಡಿ! ವಿಷ ಇದು, ಕೆಳಗಿಡಿ ಅಂದೆ!" ಎಂದು ಕೂಗಿದೆ. ಮೂಲೆಯಲ್ಲಿದ್ದ ಪೀಪಾಯಿಯನ್ನು ಒದ್ದು ಉರುಳಿಸಿದೆ. ರಾಕಿಯ ಅಂಗಳದ ಕಲ್ಲಿನ ಮೇಲೆ ಹರಿದು ಹೆಂಗಸರ ಚಪ್ಪಲಿ ನೆನೆಸಿತು. ಯಾರೋ ಅತ್ತರು, ಯಾರೋ "ಕುಮ್‌ಗೆ ತಲೆ ಕೆಟ್ಟಿದೆ" ಎಂದರು. ಡೋಬ್ರಿ ಎರಡೂ ಕೈಯಲ್ಲಿ ಪೀಪಾಯಿ ಎತ್ತಿ ನಿಲ್ಲಿಸಲು ಹೆಣಗಿದ. "ಅಯ್ಯೋ, ಅರವತ್ತು ಲೀಟರ್ ಕಣೋ, ಪಾಪಿ! ವಿಷ ಗಿಷ ಏನೂ ಇಲ್ಲ. ಪೈಪಲ್ಲೇನಾದ್ರೂ ಇದ್ರೂ ಮೊದಲನೇ ಇಳಿತದಲ್ಲೇ ಕೊಚ್ಚಿಕೊಂಡು ಬಂದಿರತ್ತೆ. ಅದನ್ನ ನಾನು ಬೇರೆ ತೆಗೆದಿಟ್ಟೆ. ನಾನೇನು ದಡ್ಡನಾ?"

ಮೊದಲು ಇಳಿದದ್ದನ್ನು ನಮ್ಮಲ್ಲಿ ಯಾರೂ ಕುಡಿಯುವುದಿಲ್ಲ. ಕಣ್ಣು ಕಳೆಯುವ ನೀರು ಅದು. ಚೆಲ್ಲುತ್ತಾರೆ, ಇಲ್ಲವೇ ಮಂಡಿ ನೋವಿಗೆ ಉಜ್ಜಿಕೊಳ್ಳುತ್ತಾರೆ.

"ಚೆಲ್ಲಿದ್ಯಾ ಅದನ್ನ?"

"ರಾಕಿಯ ಯಾರಾದ್ರೂ ಚೆಲ್ತಾರಾ!"

"ಮತ್ತೆ ಎಲ್ಲಿಟ್ಟೆ?"

ಅವನು ಗದ್ದ ಎತ್ತಿ ಬೇಲಿಯ ಕಡೆ ತೋರಿಸಿದ. ಬೇಲಿಯ ಹತ್ತಿರ ಬೆಂಚಿನ ಕೆಳಗೆ ಐದು ಲೀಟರಿನ ಗಾಜಿನ ಬುರುಡೆ, ತಳ ಕಾಣುತ್ತಿತ್ತು. ವಾದ್ಯದವರ ಪಾಲು. ಕುಮ್ ಕುಡಿಯುವವರೆಗೆ ಕಾಯುವ ಕಟ್ಟಳೆ ನೆಂಟರಿಗೆ, ವಾದ್ಯದವರನ್ನು ನೆಂಟರೆಂದು ಯಾರು ಎಣಿಸುತ್ತಾರೆ? ಬೆಳಗಿನಿಂದ ಅವರಿಗೆ ಅದೇ ಹೊಯ್ದಿದ್ದ.

"ಏನೂ ಆಗಿಲ್ಲ ನೋಡು ಅವರಿಗೆ," ಎಂದ ಡೋಬ್ರಿ. "ಗಟ್ಟಿ ಜೀವ. ಆ ಜನಕ್ಕೆ ಏನು ಕೊಟ್ರೂ ಅರಗತ್ತೆ."

ರಮೀಜ್ ಬೇಲಿಗೆ ಒರಗಿ ನೆಲದ ಮೇಲೆ ಕುಳಿತಿದ್ದ. ಡೋಲು ತೊಡೆಯ ಮೇಲಿತ್ತು, ಅಂಗಿಯ ಎದೆಯೆಲ್ಲ ವಾಂತಿ. ಹತ್ತಿರದ ಮೇಜಿನವರು ಆಗಲೇ ಅವನನ್ನು ನೋಡಿ ನಗುತ್ತಿದ್ದರು, ಕತ್ತೆಯಷ್ಟು ಕುಡಿದಿದ್ದಾನೆ ಎಂದು. ಸಾಲಿ ತಮ್ಮನ ಕೆನ್ನೆ ತಟ್ಟುತ್ತಿದ್ದವನು ತಲೆಯೆತ್ತಿದ. ಅವನ ಕಣ್ಣೂ ನೆಟ್ಟಗಿರಲಿಲ್ಲ.

"ನಾಯ್ಡೆನ್ ಯಜಮಾನ್ರೇ," ಎಂದ, ನಾಲಗೆ ತೊದಲುತ್ತಿತ್ತು. "ವಿಷ ಅಂದ್ರಲ್ಲ. ನಿಮ್ಮದರಲ್ಲಾ, ನಮ್ಮದರಲ್ಲಾ?"

ನಾನು ಓಡಿ ವ್ಯಾನು ತಂದೆ. ನಾಲ್ವರನ್ನೂ ಎತ್ತಿ ಹಾಕಲು ನಿಂತೆ, ಇನ್ನೂರು ಜನರಲ್ಲಿ ಕೈ ಹಾಕಿದವರು ಇಬ್ಬರು, ಮದುಮಗ ಮತ್ತು ರುಸಾನ. ಉಳಿದವರು ವಾಂತಿ ತಾಕೀತೆಂದು ಲಂಗ, ಪ್ಯಾಂಟು ಎತ್ತಿ ಹಿಡಿದು ದಾರಿ ಬಿಟ್ಟರು. ಡೋಬ್ರಿ ಕಿಟಕಿಗೆ ಬಂದ. ಕ್ಷಮೆ ಕೇಳುತ್ತಾನೆ ಎಂದುಕೊಂಡೆ, ನಾನೂ ಎಂಥ ಮೂರ್ಖ.

"ಸೀಟಿನ ಮೇಲೆ ವಾಂತಿ ಮಾಡಿಸ್ಬೇಡ ಮಾರಾಯ," ಎಂದ. "ಏನಾದ್ರೂ ಹಾಸು."

ರುಸಾನ ಅಪ್ಪನ ಮುಖವನ್ನೇ ನೋಡಿದಳು. ತಲೆಯ ಮೇಲಿನ ಬಿಳಿಯ ಪರದೆ ಕಿತ್ತು, ರಮೀಜನ ಬಾಯಿ ಒರೆಸಿ, ಅವನ ತಲೆ ತನ್ನ ಮಡಿಲಿಗೆ ಎಳೆದುಕೊಂಡು ಕುಳಿತಳು. "ನಡೀರಿ," ಎಂದಳು ನನಗೆ.

ಪಟ್ಟಣದ ಆಸ್ಪತ್ರೆಗೆ ಮೂವತ್ತೆಂಟು ಕಿಲೋಮೀಟರು, ನಡುವೆ ಘಾಟಿ. ವ್ಯಾನು ಒಂದು ಸಲವೂ ಬಿಸಿಯೇರಲಿಲ್ಲ. ಅಷ್ಟು ಚೆನ್ನಾಗಿ ಓಡುವುದನ್ನು ಕಂಡು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹೊಸ ಪೈಪಿಗೆ ಒಣ ಕಾಗದ ಹಾಸಿ ನೋಡಿದವನು, ಹಳೆಯ ಪೈಪಿಗೆ ಒಂದು ಮಾತು ಖರ್ಚು ಮಾಡಲಿಲ್ಲ.

ರಮೀಜನಿಗೆ ಆಗಲೇ ಪ್ರಜ್ಞೆ ಇರಲಿಲ್ಲ. ನಾಲ್ವರನ್ನೂ ಒಳಗೆ ಒಯ್ದರು. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದಳು, ವಯಸ್ಸಾದವಳು, ಕೈಯಲ್ಲಿ ಪೆನ್ನು. ಏನು ಕುಡಿದರು, ಎಷ್ಟು ಹೊತ್ತಿನಿಂದ ಕುಡಿದರು ಎಂದು ಕೇಳಿದಳು. ಪೈಪಿನ ಕಥೆಯನ್ನೆಲ್ಲ ಹೇಳಿದೆ, ನಾನು ಬಿಚ್ಚಿದ್ದು, ಕಂಡೂ ಸುಮ್ಮನಿದ್ದದ್ದು, ಯಾವುದನ್ನೂ ಬಿಡದೆ. ಅವಳು ಬರೆದುಕೊಂಡಳು.

"ಆ ಡೋಲಿನವನ ಮೂತ್ರಪಿಂಡ ಉಳಿಯೋದು ಕಷ್ಟ. ಇನ್ನೂ ಎಷ್ಟು ಜನ ಬರ್ತಾರೆ? ಹಾಸಿಗೆ ತಯಾರು ಮಾಡ್ಬೇಕು."

"ಇನ್ಯಾರೂ ಬರಲ್ಲ. ಇವರು ನಾಲ್ವರೇ ಕುಡಿದದ್ದು."

ಅವಳು ಪೆನ್ನು ನಿಲ್ಲಿಸಿ, ಮದುವೆಯ ಉಡುಪಿನಲ್ಲಿದ್ದ ರುಸಾನಳನ್ನು, ನನ್ನ ಕೋಟಿಗೆ ಚುಚ್ಚಿದ್ದ ಹೂವನ್ನು ನೋಡಿದಳು. "ಇನ್ನೂರು ಜನರ ಮದುವೆ ಅಂತೀರಿ. ಬೆಳಗ್ಗೆಯಿಂದ ಇವರು ನಾಲ್ವರೇ ಕುಡಿದ್ರಾ? ಅದು ಹೇಗೆ?"

ರುಸಾನ ತಲೆ ತಗ್ಗಿಸಿದಳು. ನಾನೇ ಹೇಳಬೇಕಾಯಿತು.

"ಅವರಿಗೆ ಬೇರೆ ಇಟ್ಟಿದ್ವಿ," ಎಂದೆ.