ಒನ್ಸ್ ಮೋರ್ ಅಂದವನ ಬೆರಳು

ನ್ಯಾಯಮೂರ್ತಿಗಳ ಬೆರಳು ಮೇಲೆದ್ದಿದೆ, ಒಂದೇ ಬೆರಳು, ಸರ್ಕಾರಿ ವಕೀಲರೇ ಸ್ವಲ್ಪ ತಾಳಿ ಅಂತಲೋ ಏನೋ, ನನಗೆ ಮಾತ್ರ ರತ್ಲಾಮಿನ ಮುಂದಿನ ಸಾಲಿನ ಮುದುಕ ಕಾಣುತ್ತಿದ್ದಾನೆ, ಕೆಂಪು ಮಫ್ಲರಿನವನು, ಕುರ್ಚಿಯಿಂದ ಅರ್ಧ ಎದ್ದು, ಬೆರಳೆತ್ತಿ, ಒನ್ಸ್ ಮೋರ್ ಕವಿಜೀ, ಒನ್ಸ್ ಮೋರ್ — ಕವಿ ಸಮ್ಮೇಳನದಲ್ಲಿ ಆ ಬೆರಳಿಗೆ ಆಗುವುದಿಲ್ಲ ಅಂದವನನ್ನು ಮತ್ತೆ ಯಾರೂ ಕರೆಯುವುದಿಲ್ಲ, ಹಾಗಾಗಿ ನಾನು, ಜನರನ್ನು ನಗಿಸಿ ಅನ್ನ ತಿನ್ನುವ ವಿಮಲೇಶ ನಾಗರ್, ಮತ್ತೆ ಹೇಳಿದೆ, ಕಲ್ಲಿನ ಮಹಾನುಭಾವನ ತಲೆಗೆ ಕೊಡೆ ಬಂತು, ಎದುರು ಶಾಲೆಯ ಮಕ್ಕಳ ತಲೆಗೆ ಮಳೆ ಬಂತು, ಅಷ್ಟೇ, ಎರಡು ಸಾಲು, ಯಾರೋ ಮೊಬೈಲಿನಲ್ಲಿ ಹಿಡಿದರು, ಮಹಾನುಭಾವರಿಗೆ ಅವಮಾನ ಅಂತ ಐದು ರಾಜ್ಯದಲ್ಲಿ ಐದು ಕೇಸು, ನಾನು ಕಂಡೇ ಇರದ ಊರುಗಳಲ್ಲಿ ನನ್ನಿಂದ ಮನಸ್ಸು ನೊಂದವರಿದ್ದಾರೆ, ಒಂದು ಕಡೆ ಜಾಮೀನು ಸಿಕ್ಕರೆ ಇನ್ನೊಂದು ಕಡೆಯವರು ಒಯ್ಯುತ್ತಾರೆ, ಹೊರಗೆ ಗೇಟಿನ ಹತ್ತಿರ ಜಾರ್ಖಂಡದ ಹವಾಲ್ದಾರ ಮುರ್ಮು ಕಾಯುತ್ತಿದ್ದಾನೆ, ಐದೂ ಕೇಸು ಒಂದೇ ಮಾಡಿ ಅಂತ ಕೇಳಿದ್ದೇವೆ, ಈ ದಿಲ್ಲಿ ಕೋರ್ಟು ಆಗುವುದಿಲ್ಲ ಅಂದರೆ ಇವತ್ತೇ ಅವನ ಜೊತೆ ರೈಲು.

ಗೇಟಿನ ಕೌಂಟರಿನಲ್ಲಿ ನನ್ನ ಚೀಲವೂ ಇದೆ, ಹೆಂಡತಿ ಸರಯೂ ಕಟ್ಟಿಕೊಟ್ಟಿದ್ದು, ಟವೆಲು, ಬಿಪಿ ಮಾತ್ರೆ, ಖಾರದ ಸೇವ್, ಜೈಲಲ್ಲಿ ಸೇವ್ ತಿನ್ನೋಕೆ ಬಿಡ್ತಾರೇನೇ ಅಂದರೆ, ನಗಿಸ್ಬೇಡಿ ಸುಮ್ನಿರಿ, ನಿಮ್ ನಗ್ಸಾಟದಿಂದ್ಲೇ ಇಷ್ಟೆಲ್ಲ ಆಗಿರೋದು, ಅಂದವಳು ಒಳಗೆ ಹೋಗಿ ಅತ್ತಳು. ಸರ್ಕಾರಿ ವಕೀಲರು ನನ್ನ ಸಾಲು ಓದುತ್ತಿದ್ದಾರೆ, ಪಡಿತರ ಅಂಗಡಿಯ ಬೋರ್ಡು ಓದಿದ ಹಾಗೆ, ಕೊಡೆ ಬಂತು ಆದ ಮೇಲೆ ನಿಲ್ಲಬೇಕಯ್ಯಾ, ಜನ ಉಸಿರು ಹಿಡಿಯುವುದೇ ಅಲ್ಲಿ, ಯಾರೂ ನಗಲಿಲ್ಲ, ಕೇಸಿಗಿಂತ ನನಗೆ ಅದೇ ಹೆಚ್ಚು ನೋವು. ಬಾಯ್ತಪ್ಪಿ ಬಂದದ್ದಲ್ಲ ಸ್ವಾಮಿ, ಮತ್ತೆ ಮತ್ತೆ ಹೇಳಿದ್ದಾರೆ, ಅಂದರು ಸರ್ಕಾರಿ ವಕೀಲರು. ಜನ ಕೇಳಿದ್ರೆ ಕವಿ ಹೇಳದೆ ಇರ್ತಾನೇನ್ರೀ, ಅಂದರು ನ್ಯಾಯಮೂರ್ತಿಗಳು, ಈಗ ಸಣ್ಣಗೆ ನಗೆ, ನನ್ನದಲ್ಲದ ನಗೆ, ಮತ್ತೆ ಬೆರಳು, ಒಂದೇ ಸಭೆ, ಒಂದೇ ಮಾತು, ಕೇಸೂ ಒಂದೇ. ನನ್ನ ವಕೀಲೆ ಇರಾ ಓಡಿ ಬಂದಳು, ಅಂಕಲ್ ಬದುಕಿದ್ರಿ, ಎಲ್ಲಾ ರತ್ಲಾಮಿನ ಕೇಸಿಗೇ ಸೇರ್ಕೊಂಡ್ತು, ಯಾರೂ ಹಿಡಿಯೋ ಹಾಗಿಲ್ಲ, ಷರತ್ತು ಒಂದೇ, ಕೇಸು ಮುಗಿಯೋವರೆಗೆ ಆ ಸಾಲು ಯಾರ ಮುಂದೇನೂ ಹೇಳೋ ಹಾಗಿಲ್ಲ. ಯಾರಾದ್ರೂ ಕೇಳಿದ್ರೆ? ಕೇಳ್ಲಿ, ನೀವು ಬಾಯಿ ಬಿಟ್ರೆ ರಕ್ಷಣೆ ಹೋಯ್ತು ಅಂತ್ಲೇ ತಿಳ್ಕೊಳ್ಳಿ.

ಸರಯೂಗೆ ಫೋನು ಮಾಡಿದೆ, ಅತ್ತಳು, ಈ ಸಲದ್ದು ಬೇರೆ ಅಳು. ಚೀಲ ಬಿಡಿಸಿಕೊಂಡು ಗೇಟು ದಾಟಿದೆ, ಬಿಸಿಲು. ಮುರ್ಮು ಚಹಾದಂಗಡಿಯ ಸ್ಟೂಲಿನ ಮೇಲೆ ಕೂತಿದ್ದಾನೆ, ಬನ್ನಿ ಕವಿಜೀ, ವಾಪಸ್ ಟಿಕೆಟ್ ನಿಮ್ದೂ ಸೇರ್ಸಿ ತೆಗ್ಸಿದ್ದೆ, ನನ್ ನಸೀಬು, ಒಬ್ನೇ ಕಾಲು ಚಾಚ್ಕೊಂಡು ಮಲಗ್ತೀನಿ. ಇವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ, ಚೀಲದಿಂದ ಸೇವ್ ತೆಗೆದು ಕೊಟ್ಟೆ, ತಿಂದ, ಖಾರಕ್ಕೆ ಕಣ್ಣೊರೆಸಿಕೊಂಡ, ಒಂದ್ಮಾತು ಕವಿಜೀ, ನನ್ ಫೋನಲ್ಲಿ ನಿಮ್ ವಿಡಿಯೊ ಅರ್ಧಕ್ಕೇ ನಿಲ್ಲುತ್ತೆ, ಕೊಡೆ ಬಂತು ಅಂತೀರಿ, ಆಮೇಲೇನು? ನಿಮ್ಮನ್ನ ಹಿಡಿಯೋಕೆ ಇಷ್ಟು ದೂರ ಬಂದೋನಿಗೆ ಅದೂ ಗೊತ್ತಿಲ್ದೆ ಹೋಗೋದಾ? ಸುಮ್ಮನೆ ಕೇಳುತ್ತಿದ್ದಾನೆ, ಕಣ್ಣಲ್ಲಿ ಕಪಟವಿಲ್ಲ, ಅಥವಾ ಇದೆಯೋ, ಈಗ ನನಗೆ ತಿಳಿಯುವುದಿಲ್ಲ, ನಾಲಿಗೆಯ ತುದಿಯಲ್ಲಿ ಮಕ್ಕಳು ಮಳೆಯಲ್ಲಿ ನಿಂತಿದ್ದಾರೆ, ಹೇಳು ವಿಮಲೇಶ, ಒಬ್ಬನೇ ಕೇಳುಗ, ಭಯವಾಗುತ್ತಿದೆ, ಸರಯೂ, ಚಹಾದವನೂ ಇತ್ತ ತಿರುಗಿದ, ನಾನು ಸುಮ್ಮನಿದ್ದೇನೆ, ಇದೇ ಮೊದಲ ಸಲ ಸುಮ್ಮನಿದ್ದೇನೆ, ಮುರ್ಮು ನಗುತ್ತಾ ಸ್ಟೂಲಿನಿಂದ ಅರ್ಧ ಎದ್ದ, ಕವಿಜೀ, ಒನ್ಸ್ ಮೋರ್ — ಬೆರಳು, ಒಂದೇ ಬೆರಳು, ಇಳಿಯುತ್ತಿಲ್ಲ