ಇಬ್ಬರು ಅಳಿಯಂದಿರು, ಒಂದು ಪುಲ್ಲಿ

ನಾನು ಲೇತಿನಲ್ಲಿ ಕಡೆದ ಪುಲ್ಲಿ ಎಷ್ಟು ನೇರವಾಗಿ ತಿರುಗುತ್ತದೆಂದರೆ, ಒಮ್ಮೆ ಅದರ ಅಂಚಿನ ಮೇಲೆ ಕೂತಿದ್ದ ನೊಣಕ್ಕೆ ಇಂಜಿನ್ ಚಾಲೂ ಆದದ್ದೇ ಗೊತ್ತಾಗದೆ, ಅದು ಅಲ್ಲೇ ಎರಡು ದಿನ ನಿದ್ದೆ ಹೊಡೆದು, ಮೂರನೇ ದಿನ ಮೈಮುರಿದು ಎದ್ದುಹೋಯಿತು. ನಂಬದವರು ನೊಣವನ್ನೇ ಕೇಳಿಕೊಳ್ಳಲಿ.

ಇಂಥ ಕೈ ಮನೆಯಲ್ಲೇ ಇರುವಾಗ, ತಮ್ಮ ಲಾರಿಗೆ ಪುಲ್ಲಿ ಮಾಡಿಕೊಡು ಎಂದು ಮಾವ ಕೇಳಿದ್ದು ಯಾರನ್ನು? ನನ್ನ ಷಡ್ಡಕನನ್ನು! ನನ್ನ ಹೆಂಡತಿಯ ತಂಗಿಯ ಗಂಡ. ಅವನದ್ದೂ ಒಂದು ವರ್ಕ್‌ಶಾಪು ಇದೆ ಅನ್ನಿ. ಲೇತು ಮಾತ್ರ ನನ್ನದಕ್ಕಿಂತ ಒಂದು ಅಡಿ ಚಿಕ್ಕದು. ಅವನು ಊಟಕ್ಕೆ ಹೋದಾಗ ನಾನೇ ಟೇಪು ಹಿಡಿದು ಅಳೆದಿದ್ದೇನೆ.

ಮಾವ ಮೂವತ್ತು ವರ್ಷ ಓಡಿಸಿದ ಲಾರಿಯನ್ನು ಗುಜರಿಯಲ್ಲಿ ಗುರುತು ಹಿಡಿದು ಮನೆಗೆ ಎಳೆತಂದಿದ್ದರು. ಎರಡು ವರ್ಷ ಕೂತು ಗೇರ್‌ಬಾಕ್ಸಿನಿಂದ ಸೀಟಿನ ತನಕ ಹೊಸದು ಮಾಡಿದರು. ಉಳಿದದ್ದು ಒಂದೇ: ಇಂಜಿನ್ನಿನ ಮೂತಿಯಲ್ಲಿ ಕೂತು ಬೆಲ್ಟು ತಿರುಗಿಸುವ ಪುಲ್ಲಿ. ಹಳೆಯದು ಸೀಳಿಹೋಗಿತ್ತು. ಲಾರಿ ಮಾಡಿದ ಕಂಪನಿಯೇ ಬಾಗಿಲು ಹಾಕಿದ ಮೇಲೆ ಪುಲ್ಲಿ ಎಲ್ಲಿ ಸಿಗಬೇಕು? ಗಟ್ಟಿ ಕಬ್ಬಿಣದಲ್ಲಿ ಹೊಸದನ್ನೇ ಕಡೆಯಬೇಕಿತ್ತು.

ಸುದ್ದಿ ಕೇಳಿ ನಾನು ಮುಖ ಊದಿಸಿಕೊಂಡು ಮಾವನ ಮನೆಯ ಮೂವತ್ತು ಲೋಟ ಕಾಫಿ ಬಿಟ್ಟೆ. ಹೆಂಡತಿಯ ಲೆಕ್ಕದಲ್ಲಿ ಎರಡು.

"ಆಯ್ತು ಅಳಿಯಂದಿರೇ, ನೀವೂ ಒಂದು ಮಾಡಿ ತನ್ನಿ," ಎಂದರು ಮಾವ. "ಯಾರದ್ದು ಸದ್ದಿಲ್ದೆ ಓಡುತ್ತೋ ಅವರು ಮೊದಲ್ನೇ ಸವಾರೀಲಿ ನನ್ನ ಪಕ್ಕ ಕೂತ್ಕೊಳ್ಳಿ."

ನನಗೆ 'ಅಳಿಯಂದಿರೇ', 'ತನ್ನಿ'. ಅವನಿಗೆ 'ಏ, ಬಾರೋ', 'ತಾರೋ'. ಈ ಮರ್ಯಾದೆ ಹನ್ನೊಂದು ವರ್ಷದಿಂದ ನನ್ನ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಆ ಸೀಟು ನನಗೆ ಬೇಕೇ ಬೇಕಿತ್ತು.

ಅವನು ಮೂರು ವಾರ ತೆಗೆದುಕೊಂಡ. ನಾನು ಒಂದೇ ಮಧ್ಯಾಹ್ನದಲ್ಲಿ, ಅದೂ ಒಂದು ಕಣ್ಣು ಮುಚ್ಚಿಕೊಂಡು, ಮುಗಿಸಿದೆ. ಶನಿವಾರ ಸಂಜೆ ಎರಡೂ ಮಾವನ ಶೆಡ್ಡಿಗೆ ಬಂದವು. ದೊಡ್ಡ ಅಳಿಯ, ಚಿಕ್ಕ ಅಳಿಯ ಎಂಬ ಲೆಕ್ಕದಲ್ಲಿ ಅವರು ಸೀಮೆಸುಣ್ಣದಿಂದ ನನ್ನದರ ಬೆನ್ನಿಗೆ 'ದೊಡ್ಡ', ಅವನದರ ಬೆನ್ನಿಗೆ 'ಚಿಕ್ಕ' ಎಂದು ಬರೆದಿಟ್ಟರು. ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ನಾನು ಎರಡನ್ನೂ ಬಟ್ಟೆಯಲ್ಲಿ ಒರೆಸಿಟ್ಟೆ. ಅಷ್ಟು ಉದಾರಿ ನಾನು.

ಮೊದಲು 'ಚಿಕ್ಕ' ಏರಿತು. ಇಂಜಿನ್ ಚಾಲೂ ಆದದ್ದೇ ತಡ, ಬೆಲ್ಟು ಹೇಗೆ ಕಿರುಚಿತೆಂದರೆ ಏಳು ಬೀದಿಯ ನಾಯಿಗಳು ಊರು ಬಿಟ್ಟವು.

"ಏನ್ರೀ ಇದು? ಮೂರು ವಾರ ಮಾಡಿದ್ದು ಇದನ್ನಾ?" ಎಂದಳು ನಾದಿನಿ. ಷಡ್ಡಕ ಬಗ್ಗಿ ಪುಲ್ಲಿಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಸ್ಪ್ಯಾನರ್ ಎತ್ತಿ ಅದನ್ನು ಬಿಚ್ಚಿ ಬೆಂಚಿನ ಮೇಲಿಟ್ಟ. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಆಮೇಲೆ 'ದೊಡ್ಡ'. ಹಾಲು ಕುಡಿದು ಮಲಗಿದ ಮಗುವಿನ ಉಸಿರಿಗಾದರೂ ಸದ್ದಿರುತ್ತದೆ, ಇದಕ್ಕಿರಲಿಲ್ಲ. ಮಾವ ಇಂಜಿನ್ ನಿಲ್ಲಿಸಿ ನನ್ನ ಬೆನ್ನು ತಟ್ಟಿದರು. ನಾನು ಎರಡು ಅಂಗುಲ ಬೆಳೆದೆ.

"ಬೆಲ್ಟು ಕೂರೋ ಗ್ರೂವು ಎಷ್ಟು ಡಿಗ್ರಿ ಇಟ್ರಿ ಅಳಿಯಂದಿರೇ?"

"ನಲವತ್ತು!" ಎಂದೆ, ಪಕ್ಕದ ಬೀದಿಗೂ ಕೇಳುವಂತೆ. "ಬೆಲ್ಟಿನ ಓರೆ ನಲವತ್ತು, ಅದಕ್ಕೇ ಗ್ರೂವೂ ನಲವತ್ತು. ಕೂದಲಷ್ಟೂ ಆಚೀಚೆ ಇಲ್ಲ."

ಷಡ್ಡಕ ಕಣ್ಣು ಮುಚ್ಚಿಕೊಂಡ.

ಮಾವ ಪೆಟ್ಟಿಗೆಯಿಂದ ನಲವತ್ತು ಡಿಗ್ರಿ ಅಳೆಯುವ ತಗಡಿನ ಗೇಜು ತೆಗೆದು ಇಂಜಿನ್ನಿನ ಮೇಲಿದ್ದ ಪುಲ್ಲಿಗೆ ಹಿಡಿದರು. ಗ್ರೂವಿನ ಬಾಯಲ್ಲೇ ಸಿಕ್ಕಿಕೊಂಡಿತು, ತಳ ಮುಟ್ಟಲಿಲ್ಲ. ಬೆಂಚಿನ ಮೇಲೆ ಬಿದ್ದಿದ್ದ, ಕಿರುಚಿದ ಪುಲ್ಲಿಗೆ ಹಿಡಿದರು. ಅಚ್ಚು ಹೊಯ್ದ ಹಾಗೆ ಕೂತಿತು.

"ಇಷ್ಟು ಸಣ್ಣ ಚಕ್ರದ ಮೇಲೆ ಬಗ್ಗಿದಾಗ ಬೆಲ್ಟಿನ ಕೆಳಭಾಗ ಉಬ್ಬಿ, ಅದರ ಓರೆ ಕಮ್ಮಿ ಆಗುತ್ತೆ," ಎಂದರು ಮಾವ, ಗೇಜು ಒರೆಸುತ್ತ. "ಅದಕ್ಕೇ ಗ್ರೂವನ್ನ ಮೂವತ್ತಾರಕ್ಕೆ ಇಳಿಸ್ತಾರೆ. ನಲವತ್ತಿಟ್ರೆ ಜಾರಿ ಕಿರುಚುತ್ತೆ. ಈಗ ಹೇಳಿ, ಸದ್ದಿಲ್ದೆ ಓಡಿದ್ದು ಯಾರದ್ದು?"

ಹೇಳಲು ನನ್ನ ಬಳಿ ನೂರು ಕಥೆಗಳಿದ್ದವು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

"ಅವನದ್ದು ಮಾವ," ಎಂದೆ. "ಬೆಳಿಗ್ಗೆ ಬಂದು ಸೀಮೆಸುಣ್ಣದ ಗುರುತು ನಾನೇ ಅದಲುಬದಲು ಮಾಡ್ದೆ. ನಂದು ನಿನ್ನೆ ನನ್ನ ವರ್ಕ್‌ಶಾಪಿನ ಮೋಟಾರಿಗೆ ಹಾಕಿದಾಗ್ಲೇ ಕಿರುಚಿತ್ತು. ಯಾಕೆ ಅಂತ ಮಾತ್ರ ಈಗ್ಲೇ ಗೊತ್ತಾಗಿದ್ದು."