ಹಾವು ಕಡಿತ, ಮಳವಳ್ಳಿ ಹತ್ತಿರ

ಗೆಜ್ಜಲಗೆರೆಯಲ್ಲಿ ಮತ್ತೆ ನಿಂತಿತಲ್ಲ ಈ ದರಿದ್ರ ಬಸ್ಸು, ಶಿಫ್ಟು ಮುಗಿಸಿದ ಹುಡುಗಿಯರೆಲ್ಲ ಹತ್ತಬೇಕು, ಒಬ್ಬೊಬ್ಬಳೂ ಬ್ಯಾಗು ತಡಕಾಡಿ ಆಧಾರ್ ತೆಗೆಯಬೇಕು, ಕಂಡಕ್ಟರು ಇಂದುಕ್ ಓಗ್ರಮ್ಮ ಇಂದುಕ್ಕೆ ಎಂದು ಬಡಕೊಳ್ಳಬೇಕು, ಯಾರದೋ ಟಿಫನ್ ಬಾಕ್ಸು ನನ್ನ ಮೊಣಕೈಗೆ ಒತ್ತುತ್ತಿದೆ, ಒತ್ತಲಿ, ಹೊರಡಿಸಯ್ಯ ಪುಣ್ಯಾತ್ಮ, ಅಲ್ಲಿ ಮಂಡ್ಯದ ಆಸ್ಪತ್ರೆಯಲ್ಲಿ ಬೆಳ್ಳಮ್ಮ ಅನ್ನುವ ಹೆಂಗಸಿಗೆ ಏನಾಗಿದೆಯೋ — ಮುಖ ಕೂಡ ನೋಡಿಲ್ಲ ನಾನು, ಬೆಳಿಗ್ಗೆ ಹತ್ತು ಗಂಟೆಯವರೆಗೆ ಅಂಥವರೊಬ್ಬರು ಇದ್ದಾರೆಂದೇ ಗೊತ್ತಿರಲಿಲ್ಲ, ಈಗ ಆಯಮ್ಮನ ಜೀವ ನನ್ನ ಕುತ್ತಿಗೆಗೆ ಬಂದಿದೆ. ಫೋನು ತೆಗೆದು ಮತ್ತೆ ಟೈಪು ಮಾಡುತ್ತೇನೆ, ಹಾವು ಕಡಿತ, ಮಳವಳ್ಳಿ ಹತ್ತಿರ — ಇನ್ನೂ ಅದೇ, ಜಪ್ಪಯ್ಯ ಅಂದರೂ ಅಲ್ಲಾಡದೆ ಎಲ್ಲಕ್ಕಿಂತ ಮೇಲೆ ಕೂತಿದೆ, ಬೆಸಗರಹಳ್ಳಿ ಪುಟ್ಟಮಾದಯ್ಯನವರ ನಾಟಿ ಚಿಕಿತ್ಸಾಲಯ, ಹಾವು ಕಡಿತಕ್ಕೆ ತಕ್ಷಣ ಚಿಕಿತ್ಸೆ, ಮಂಡ್ಯ, ಮದ್ದೂರು, ಮಳವಳ್ಳಿ. ನಾನು ಬರೆದ ಆ ಸಾಲನ್ನು ತಾತನ ವೆಬ್ ಪುಟದಿಂದ ಅಳಿಸಿ ಎರಡು ಗಂಟೆಯಾಯಿತು, ಪಟ್ಟಿಯಿಂದ ತೆಗೆಯಿರಿ ಎಂದು ಅರ್ಜಿಯನ್ನೂ ಹಾಕಿದೆ, ಆದರೆ ಸರ್ಚಿನವರ ಹತ್ತಿರ ಹಳೆಯ ನಕಲು ಉಳಿದಿರುತ್ತದೆ, ಅದು ಬದಲಾಗಲು ಒಂದು ದಿನವಾದರೂ ಬೇಕು. ಬರೆದು ಮೇಲೆ ತರುವುದನ್ನು ಕಲಿತೆ, ಇಳಿಸುವುದನ್ನು ಯಾರೂ ಹೇಳಿಕೊಡಲಿಲ್ಲ. ಇವತ್ತೇ ಇನ್ನೊಬ್ಬರಿಗೆ ಕಚ್ಚಿದರೆ?

ಬಸ್ಸು ಹೊರಟಿತು, ಅಬ್ಬ, ಕಿಟಕಿಯಲ್ಲಿ ಗಾಳಿ ಬಂತು, ಕಬ್ಬಿನ ಗದ್ದೆ, ಕಬ್ಬಿನ ಗದ್ದೆ, ನೋಡಲಾರೆ, ಬೆಳ್ಳಮ್ಮ ರವದಿ ಬಿಡಿಸುತ್ತಿದ್ದರಂತೆ, ಆ ಒಣಗಿದ ಗರಿಯ ಅಡಿಯಲ್ಲೇ ಮಲಗಿತ್ತಂತೆ ಮಂಡಲದ ಹಾವು, ಮಳವಳ್ಳಿ ಆಸ್ಪತ್ರೆ ಅಲ್ಲಿಂದ ಕಾಲು ಗಂಟೆಯ ದಾರಿ, ಬರೀ ಕಾಲು ಗಂಟೆ. ಅದನ್ನು ಹಿಂದೆ ಬಿಟ್ಟು ಮದ್ದೂರಿಗೆ ಬಂದು, ಮದ್ದೂರನ್ನೂ ದಾಟಿ ಬೆಸಗರಹಳ್ಳಿಗೆ ಹೋದರಲ್ಲ, ಮದ್ದೂರಿನಲ್ಲಿ ವೆಬ್‌ಸೈಟು ಮಾಡಿಕೊಡುವ ನಮ್ಮ ಅಂಗಡಿಯ ಮುಂದೆಯೇ ಆ ಆಟೋ ಹೋಗಿರಬೇಕು, ನಾನು ಆಗ ಟೀ ಕುಡಿಯುತ್ತಿದ್ದೆನೋ ಏನೋ. ಎರಡು ತಿಂಗಳ ಹಿಂದೆ ಪುಟ್ಟಮಾದಯ್ಯ ತಾತನ ಜಗಲಿಯಲ್ಲಿ ಕೂತು ಅವನ ಪುಟಕ್ಕೆಂದು ಫೋಟೋ ತೆಗೆದಿದ್ದೆ, ತಾತ ಒಬ್ಬ ಹುಡುಗನ ಮುರಿದ ಮುಂಗೈಗೆ ಉದ್ದಿನ ಹಿಟ್ಟು ಮೊಟ್ಟೆ ಬಳಿದು ಬಿದಿರಿನ ದಬ್ಬೆ ಕಟ್ಟುತ್ತಿದ್ದ, ನಂಗೆ ಮೂಳೆ ಬುಟ್ರೆ ಇನ್ನೇನೂ ಗೊತ್ತಿಲ್ಲ ಕಣವ್ವ, ಅಷ್ಟೇ ಬರ್ಕೊ. ಅಷ್ಟೇ ಬರೆದೆ, ಕಣ್ಣಿಗೆ ಕಾಣುವ ಪುಟದಲ್ಲಿ. ಪುಟದ ಹಿಂದೆ ಬರೆಯುವುದು ಬೇರೆ ಇರುತ್ತೆ ತಾತ, ಮೆಟಾ ಟ್ಯಾಗು ಅಂತ, ಓದೋರಿಗೆ ಕಾಣಲ್ಲ, ಹುಡುಕೋ ಯಂತ್ರಕ್ಕೆ ಕಾಣುತ್ತೆ ಎಂದಾಗ ತಾತ ನಕ್ಕ, ಕಾಣ್ದಂಗೆ ಬರಿಯೋದು ಅಂದ್ರೆ ಅದು ಮಂತ್ರ ಆಯ್ತಲ್ಲ ಮಗ, ಜೋಪಾನ. ನಾನೂ ನಕ್ಕೆ. ನಗುತ್ತಲೇ ಬಂದು ಅಂಗಡಿಯಲ್ಲಿ ಕೂತೆ.

ಶಶಿಧರ್ — ಅಂಗಡಿ ಅವನದು, ಕೆಲಸ ನನ್ನದು — ಜನ ಏನ್ ಉಡುಕ್ತಾರೋ ಅದ್ನೆಲ್ಲ ತುರುಕು ಕಣಮ್ಮ, ಬರೋರು ಬರ್ಲಿ ಎಂದಿದ್ದ, ನಿಜ, ಆದರೆ ಅವನಿಗೆ ಕನ್ನಡದಲ್ಲಿ ನಾಲ್ಕು ಸಾಲು ಟೈಪು ಮಾಡಲು ಬರುವುದಿಲ್ಲ, ಮದ್ದೂರಿಗೆಲ್ಲ ಕನ್ನಡದಲ್ಲಿ ಚೆನ್ನಾಗಿ ಬರೆಯುವವಳು ಮೆಕ್ಯಾನಿಕ್ ಮಕ್ಸೂದ್ ಮಗಳು ಮಾಹೀನ್ ಎಂದು ಹೇಳಿಸಿಕೊಂಡವಳು ನಾನು. ಯಾವ ಮಾತನ್ನು ಎಷ್ಟು ಜನ ಹುಡುಕುತ್ತಾರೆ ಎಂದು ಪಟ್ಟಿ ತೆಗೆದವಳೂ ನಾನೇ. ಸೊಂಟ ನೋವು, ಮಂಡಿ ನೋವು, ಕಾಮಾಲೆ, ಅದರ ಕೆಳಗೆ ಹಾವು ಕಡಿತ, ಹುಡುಕುವವರು ಅಷ್ಟೊಂದು ಜನ, ಈ ಕಡೆಯ ಊರುಗಳ ಹೆಸರು ಹಾಕಿ ಕನ್ನಡದಲ್ಲಿ ಬರೆದವರು ಒಬ್ಬರೂ ಇಲ್ಲ. ಆಸ್ಪತ್ರೆಗಳೆಲ್ಲ ಇಂಗ್ಲಿಷಿನಲ್ಲಿವೆ. ಖಾಲಿ ಸೀಟು, ಟವೆಲ್ಲು ಹಾಕಿದರೆ ಮುಗಿಯಿತು. ಹಾಕಿದೆ. ಶೀರ್ಷಿಕೆಯಲ್ಲಿ, ವಿವರಣೆಯಲ್ಲಿ, ಕೀವರ್ಡಿನಲ್ಲಿ, ಮೂರೂ ಕಡೆ. ಕೀವರ್ಡಿನ ಸಾಲನ್ನು ಈಗಿನ ಕಾಲದಲ್ಲಿ ಯಂತ್ರ ಓದುವುದೇ ಇಲ್ಲ ಅನ್ನುತ್ತಾರೆ, ಓದಿದ್ದು ಉಳಿದ ಎರಡನ್ನು. ತಕ್ಷಣ ಅನ್ನುವ ಪದ ಯಾರೂ ಹೇಳಿಕೊಡದೆ ನಾನೇ ಸೇರಿಸಿದ್ದು, ತಕ್ಷಣ ಎಂದರೆ ಜನ ಬೇಗ ಒತ್ತುತ್ತಾರೆ. ಒಂಬತ್ತನೇ ದಿನಕ್ಕೆ ಮೊದಲನೇ ಸಾಲಿಗೆ ಬಂತು, ಶಶಿಧರ್ ಇಡೀ ಅಂಗಡಿಗೆ ವಡೆ ತರಿಸಿದ, ತಿಂದೆ, ಎರಡು ತಿಂದೆ.

ಬೆಳಿಗ್ಗೆ ಹತ್ತಕ್ಕೆ ತಾತನ ಫೋನು, ಏನವ್ವ ಮಾಹೀನು, ಏನ್ ಬರ್ದಿದ್ದೀಯೆ ನನ್ ಎಸ್ರಲ್ಲಿ, ಆವು ಕಚ್ಚಿದೋರ್ನ ಆಟೋದಲ್ಲಿ ಆಕ್ಕೊಂಡು ನನ್ ಬಾಕ್ಲಿಗೆ ತಂದವ್ರಲ್ಲ, ನಾನ್ ಮೂಳೆ ಕಟ್ಟೋನು ಕಣವ್ವ, ವಿಸದ್ ಕತೆ ನಂಗೇನ್ ಗೊತ್ತು. ಹಿಂದೆ ಯಾರೋ ಅಳುತ್ತಿದ್ದರು. ಆಯಮ್ಮನ ಸೊಸೆ ಫೋನ್ ಇಡ್ಕೊಂಡು ಬೆರಳಿಕ್ಕಿ ತೋರಿಸ್ತಾವ್ಳೆ, ಇಲ್ಲೇ ಬರ್ದದೆ ತಾತ, ಇಲ್ಲೇ ಬರ್ದದೆ ಅಂತ, ಬೆರಳೆಲ್ಲ ಕಬ್ಬಿನ ಗರಿ ಕುಯ್ದು ರಕ್ತ ಬಂದದೆ, ಅದ್ರಲ್ಲೇ ಒತ್ತಿ ಒತ್ತಿ ತೋರಿಸ್ತಾವ್ಳೆ, ನಾನೇನ್ ಯೋಳ್ಲಿ ಆ ಮಗೀಗೆ. ಅಲ್ಲಾಡದ ಹಾಗೆ ಕಾಲಿಗೆ ದಬ್ಬೆ ಕಟ್ಟಿ, ತಾತ ತಾನೂ ಆಟೋ ಹತ್ತಿ ಮಂಡ್ಯಕ್ಕೆ ಕರೆದುಕೊಂಡು ಹೋದ, ಎಂಬತ್ತು ದಾಟಿದ ಮುದುಕ. ನಾನು ಕುರ್ಚಿಯಿಂದ ಏಳಲಿಲ್ಲ. ಆವಾಗಿನಿಂದ ಆ ಬೆರಳು, ಗರಿ ಕುಯ್ದ ಬೆರಳು, ಗದ್ದೆಯ ಬದುವಿನಲ್ಲಿ ಫೋನಿನ ಪಟ್ಟಿಯ ಮೇಲೆ ಬರುತ್ತದೆ, ಎರಡನೆಯದಕ್ಕೆ ಹೋಗುವುದಿಲ್ಲ, ಮೂರನೆಯದಕ್ಕೆ ಹೋಗುವುದಿಲ್ಲ, ನಾನು ಬರೆದ ಸಾಲಿನ ಮೇಲೆ ನಿಲ್ಲುತ್ತದೆ. ಹನ್ನೆರಡಕ್ಕೆ ಮತ್ತೆ ಫೋನು, ಇಂಜೆಕ್ಸನ್ ಕೊಟ್ಟವ್ರೆ, ಉಚ್ಚೆ ಕಟ್ಕೊಂಡದಂತೆ, ಮೂತ್ರಪಿಂಡಕ್ಕೆ ಏರ್ಬುಟ್ಟದಂತೆ ವಿಸ, ಇನ್ನೊಂದ್ ಗಂಟೆ ಮುಂಚೆ ತಂದಿದ್ರೆ ಅಂತಾವ್ರೆ ಡಾಕ್ಟ್ರು. ಆ ಒಂದು ಗಂಟೆ ನಾನು ತಿಂದದ್ದು.

ಹೊರಟಾಗ ಶಶಿಧರ್ ಬಾಗಿಲಿಗೆ ಅಡ್ಡ ನಿಂತ, ತಲೆ ಕೆಟ್ಟದೇನಮ್ಮ ನಿಂಗೆ, ಅಲ್ಲೋಗಿ ಏನ್ ಕಿಸೀತೀಯ, ನಿನ್ನೆಸ್ರು ಎಲ್ಲೂ ಇಲ್ಲ, ನನ್ನೆಸ್ರೂ ಇಲ್ಲ, ಸುಮ್ಕಿರು, ಕುಂಬಳಕಾಯಿ ಕಳ್ಳ ಅಂದ್ರೆ ಎಗಲು ಮುಟ್ಟಿ ನೋಡ್ಕೊಂಡಂಗೆ ಆಯ್ತದೆ. ಅವನು ಹೇಳಿದ್ದು ಸುಳ್ಳಲ್ಲ, ಯಾರಿಗೂ ಗೊತ್ತಾಗುವುದಿಲ್ಲ, ಪುಟದ ಹಿಂದೆ ಯಾರು ಬರೆದರು ಎಂದು ಯಾರು ಕೇಳುತ್ತಾರೆ, ಈಗ ಅದೂ ಅಳಿಸಿದೆ. ಹನಕೆರೆ ಬಂತು, ಇಲ್ಲೇ ಇಳಿದು ಆ ಕಡೆಯ ಬಸ್ಸು ಹತ್ತಿದರೆ ಅರ್ಧ ಗಂಟೆಗೆ ಮನೆ. ಕಾಲು ಏಳುವುದಕ್ಕೆ ನೋಡಿತು, ನಿಜ ಹೇಳುತ್ತೇನೆ, ನೋಡಿತು. ಅಬ್ಬಾಜಾನ್ ಗ್ಯಾರೇಜಿನಲ್ಲಿ ಯಾರದೇ ಗಾಡಿಯ ಬ್ರೇಕು ಸರಿಮಾಡಲಿ, ತಾವೇ ಹತ್ತಿ ಕೆರೆ ಏರಿಯವರೆಗೆ ಓಡಿಸಿ ನೋಡದೆ ಕೊಡುವುದಿಲ್ಲ, ಬಿದ್ದರೆ ಮೊದಲು ನಾನು ಬೀಳಬೇಕು ಅನ್ನುತ್ತಾರೆ. ನನ್ನ ಸಾಲನ್ನು ನಾನು ಯಾವತ್ತು ಓಡಿಸಿ ನೋಡಿದ್ದೆ? ಮೇಲೆ ಬಂತೋ ಇಲ್ಲವೋ ನೋಡಿದೆ, ಬಂದವರು ಎಲ್ಲಿಗೆ ಹೋಗಿ ನಿಲ್ಲುತ್ತಾರೆ ಎಂದು ನೋಡಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು, ಥೂ. ಬಸ್ಸು ಹನಕೆರೆ ಬಿಟ್ಟಿತು, ನಾನು ಇಳಿಯಲಿಲ್ಲ.

ಆಸ್ಪತ್ರೆ, ಫಿನಾಯಿಲ್ ವಾಸನೆ, ಮೆಟ್ಟಿಲು, ಯಾವ ವಾರ್ಡು ಅಂತ ಯಾರನ್ನೂ ಕೇಳಬೇಕಾಗಲಿಲ್ಲ, ತಾತ ಕಾರಿಡಾರಿನ ತುದಿಯಲ್ಲಿ ಗೋಡೆಗೆ ಒರಗಿ ಕೂತಿದ್ದ, ನನ್ನನ್ನು ಕಂಡು ಬೈಯುತ್ತಾನೆ ಅಂದುಕೊಂಡರೆ ಬೈಯಲಿಲ್ಲ, ಕಣ್ಣಲ್ಲೇ ಆ ಕಡೆ ತೋರಿಸಿದ. ಬಾಗಿಲ ಪಕ್ಕ ನೆಲದ ಮೇಲೆ ಸೊಸೆ, ದೀಪಿಕ ಅಂತೆ ಹೆಸರು, ನನಗಿಂತ ಚಿಕ್ಕವಳು, ನೈಟಿಯ ಮೇಲೆ ಗಂಡನ ಹಳೇ ಷರಟು, ಗದ್ದೆಯಿಂದ ಹಾಗೇ ಬಂದಿದ್ದಾಳೆ. ಎದುರಿಗೆ ಮಾವ ಕರಿಯಪ್ಪ ನಿಂತು ಅವಳ ಮೇಲೆ ಹಾಯುತ್ತಿದ್ದಾನೆ, ಮಳವಳ್ಳಿಗೆ ಓಗಾನ ಅಂದೆ ನಾನು, ನನ್ ಮಾತು ಕೇಳುದ್ಲಾ, ಓದಿದೋಳು ಓದಿದೋಳು ಅಂತ ತಲೆ ಮ್ಯಾಲೆ ಕೂರುಸ್ಕಂಡಿದ್ಕೆ ನನ್ನೆಡ್ತಿ ಪ್ರಾಣಕ್ಕೇ ತಂದ್ಲು, ಅವಳೇನಾರ ಸತ್ಲೋ, ನಮ್ಮನೆ ಒಸ್ಲು ತುಳೀಬ್ಯಾಡ ನೀನು. ಅವಳು ಎದುರಾಡುತ್ತಿಲ್ಲ, ಎಲ್ಲ ತನ್ನದೇ ತಪ್ಪು ಎಂದು ಒಪ್ಪಿಕೊಂಡುಬಿಟ್ಟಿದ್ದಾಳೆ. ಹೇಳು ಮಾಹೀನ್, ಈಗ ಹೇಳದಿದ್ದರೆ ಯಾವತ್ತೂ ಹೇಳುವುದಿಲ್ಲ ನೀನು, ಅವಳ ಪಕ್ಕದಲ್ಲಿ ಕೂತೆ, ಅವರದು ತಪ್ಪಲ್ಲ ಯಜಮಾನ್ರೇ, ಅವರು ಸರಿಯಾಗೇ ಹುಡುಕಿದ್ರು, ಅದನ್ನು ಬರೆದವಳು ನಾನು, ಆ ಸಾಲನ್ನ ಬರೆದದ್ದು ನಾನು. ಕರಿಯಪ್ಪ ನನ್ನ ಕಡೆ ತಿರುಗಿದ. ಹೊಡೆಯಲಿ, ಹೊಡೆದರೆ ಸಾಕು ಅನಿಸಿತು. ದೀಪಿಕ ತಲೆ ಎತ್ತಿದಳು, ಕಣ್ಣು ಒರೆಸಿಕೊಂಡಳು, ಮಡಿಲಲ್ಲಿದ್ದ ಫೋನು ಎತ್ತಿ ನನ್ನ ಮುಖದ ಹತ್ತಿರ ತಂದಳು, ಇದಾ, ಇದ್ನ ನೀವಾ ಬರ್ದಿದ್ದು, ಹೂಂ ಅಂದೆ, ನೀವೇಯಾ, ಹೂಂ ಅಂದೆ, ಅವಳು ನನ್ನ ಕೈ ಹಿಡಿದುಕೊಂಡಳು — ಹಂಗಾರೆ ನೀವು ಡಾಕ್ಟ್ರಾ ಮೇಡಂ, ಯೋಳಿ ಮೇಡಂ, ನಮ್ಮತ್ತೆ ಉಳ್ಕತರಾ, ನಿಮ್ಗೆ ಗೊತ್ತಿರ್ತದಲ್ಲ, ನೀವೇ ಬರ್ದಿದ್ದೀರಲ್ಲ, ತಕ್ಷಣ ಅಂತ, ಇಲ್ಲೇ ಬರ್ದಿದ್ದೀರಲ್ಲ — ಗರಿ ಕುಯ್ದ ಬೆರಳು, ಒಣಗಿದ ರಕ್ತ, ಮೊದಲನೇ ಸಾಲು, ಬೆರಳು ಅಲ್ಲಿಂದ ಏಳುತ್ತಿಲ್ಲ, ಒತ್ತುತ್ತಲೇ ಇದೆ, ಆ ಬೆರಳು, ಆ ಸಾಲಿನ ಮೇಲೆ, ಆ ಬೆರಳು